ಜಲಜಾಕ್ಷಿ ಟೀಚರ್ ಬೇಡವೆಂದ ಫೋಟೋ

ಜಲಜಾಕ್ಷಿ ಟೀಚರಿಗೆ ಹೆದರಿಕೆಯಾದರೆ ಬೈಗುಳ ಬರುತ್ತಿತ್ತು. ಮನಸ್ಸು ಹಗುರವಿದ್ದಾಗ "ಊಟ ಆಯ್ತಾ ಮಾರಾಯ?" ಎಂದು ಮೆತ್ತಗೆ ಕೇಳುವ ಹೆಂಗಸು, ಎದೆಯೊಳಗೆ ಏನಾದರೂ ಕೊರೆಯಲು ಶುರುವಾದರೆ ಮುಗಿಯಿತು, ಎದುರು ಸಿಕ್ಕಿದವನ ಗ್ರಹಚಾರ! "ಮಂಡೆ ಸಮ ಉಂಟಾ ನಿಂಗೆ?" ಎಂದು ಆರಂಭವಾದದ್ದು ನಮ್ಮ ಅಜ್ಜಂದಿರವರೆಗೆ ಹೋಗಿ ನಿಲ್ಲುತ್ತಿತ್ತು. ಗುತ್ತಿಗಾರಿನಿಂದ ಬಸ್ಸಿನಲ್ಲಿ ಬಂದು ಸುಳ್ಯದ ನಮ್ಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ಸೇವಾ ತಂಡವನ್ನು ನೋಡಿಕೊಳ್ಳುವವರೂ ಅವರೇ. ಸಿಟ್ಟು ನೆತ್ತಿಗೇರಿದರೆ ಕನ್ನಡ ಸಾಲದೆ ತಮ್ಮ ಮನೆಮಾತಾದ ಅರೆಭಾಷೆಗೆ ಇಳಿಯುತ್ತಿದ್ದರು. ಅದು ಸರಿಯಾಗಿ ಅರ್ಥವಾಗದ ನನ್ನಂಥವರು ಬಚಾವ್.

ಆ ವರ್ಷ ನವರಾತ್ರಿಯ ಹೊತ್ತಿಗೆ ಅವರ ಬಾಯಿ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಮರ್ಕಂಜದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವರೊಬ್ಬರ ಮಗಳು ದೀಕ್ಷಾ, ಎರಡನೇ ಕ್ಲಾಸು. ಹೃದಯದಲ್ಲಿ ತೂತು. ಸ್ವಲ್ಪ ನಡೆದರೂ ತುಟಿ ನೀಲಿಯಾಗುತ್ತಿತ್ತು. ನವರಾತ್ರಿ ಮುಗಿದ ಸೋಮವಾರ ಮಂಗಳೂರಿನಲ್ಲಿ ಆಪರೇಷನ್ ನಿಗದಿಯಾಗಿತ್ತು. ಅಷ್ಟರೊಳಗೆ ದುಡ್ಡು ಕಟ್ಟದಿದ್ದರೆ ದಿನ ಮುಂದೆ ಹೋಗುತ್ತದೆ, ಅಲ್ಲಿಯವರೆಗೆ ಮಗು ತಡೆಯುವುದು ಕಷ್ಟ ಎಂದಿದ್ದರು ಡಾಕ್ಟರು.

ದುಡ್ಡು ಒಟ್ಟು ಮಾಡಲು ವೇಷ ಹಾಕುವ ಉಪಾಯ ತಂಡದ ಹುಡುಗರಾದ ನಮ್ಮದು. ನಮ್ಮ ಕಡೆ ನವರಾತ್ರಿಗೆ ವೇಷ ಹಾಕಿ ಅಂಗಡಿ ಅಂಗಡಿ ಸುತ್ತುವುದು ಉಂಟಲ್ಲ, ಹಾಗೆ ಹೋದರೆ ಜನ ಸೇರುತ್ತಾರೆ, ಡಬ್ಬಿ ತುಂಬುತ್ತದೆ ಎಂದು ನಮ್ಮ ಅಂದಾಜು. ನಾನು ಕರಡಿ. ಟೀಚರ್ ಒಪ್ಪಿದರು, ಆದರೆ ಮಗುವಿನ ಫೋಟೋ ಎಲ್ಲಿಯೂ ಹಾಕಬಾರದು ಎಂದುಬಿಟ್ಟರು.

"ಅದು ನಾಳೆ ದೊಡ್ಡದಾಗ್ತದೆ ಮಾರಾಯ. ಶಾಲೆಗೆ ಹೋಗ್ಬೇಕು, ನಾಲ್ಕು ಜನರ ಎದುರು ತಿರುಗಾಡ್ಬೇಕು. ಆಗ ಇದೇ ಊರಿನವರು 'ಇದು ಆ ಡಬ್ಬಿಯ ಹುಡುಗಿ' ಅಂತ ಬೆರಳು ತೋರಿಸ್ತಾರೆ. ಬೇಡ ಅಂದ್ರೆ ಬೇಡ."

ಪುತ್ತೂರಿನಲ್ಲಿ ಜನ ಸೇರಿದ್ದೇನೋ ಹೌದು. ಆದರೆ ಕೊಟ್ಟದ್ದು ವೇಷದವರಿಗೆ ಕೊಡುವ ಚಿಲ್ಲರೆ! "ಏ ಕರಡಿ, ಒಂದು ಕುಣಿ ನೋಡುವ" ಎಂದು ಕುಣಿಸಿ, ಹತ್ತು ರೂಪಾಯಿ ಹಾಕಿ, ನಗುತ್ತಾ ಹೋದರು. ಮಗುವಿನ ವಿಷಯ ತೆಗೆದರೆ, "ಯಾವ ಮಗು? ಫೋಟೋ ಉಂಟಾ? ಹೀಗೆ ಹೇಳಿ ಮೋಸ ಮಾಡುವವರು ಎಷ್ಟು ಜನ ಇಲ್ಲ ಈಗ!" ಅವರದ್ದು ತಪ್ಪು ಎನ್ನುವ ಹಾಗೂ ಇಲ್ಲ. ಮರುದಿನ ಸುಳ್ಯದಲ್ಲೂ ಅದೇ ಕಥೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ಎತ್ತಿ ನೋಡಿದರೆ ಹಗುರ. ಟೀಚರ್ ನಮಗೆ ಬೈದರು, ವೇಷಕ್ಕೆ ಬೈದರು, ತಡವಾಗಿ ಬಂದ ಬಸ್ಸಿನ ಕಂಡಕ್ಟರಿಗೂ ಬೈದರು.

ಅಷ್ಟು ಹೊತ್ತಿಗೆ ದೀಕ್ಷಾಳ ಅಮ್ಮ ನಮ್ಮನ್ನು ಹುಡುಕಿಕೊಂಡು ಬಂದರು. ಚೀಲದಿಂದ ಒಂದು ಫೋಟೋ ತೆಗೆದು ಚಾಚಿದರು. ಎರಡು ಜಡೆ, ಕೆಂಪು ರಿಬ್ಬನ್, ಬಾಯಿ ತುಂಬ ನಗು.

"ಇದನ್ನು ಹಾಕಿ ಟೀಚರೇ."

"ನಿಮಗೆ ಗೊತ್ತಾಗುದಿಲ್ಲಮ್ಮ. ನಾಳೆ ಅದಕ್ಕೇ ನಾಚಿಕೆ ಆಗುದು."

"ಆಗ್ಲಿ ಟೀಚರೇ. ನಾಚಿಕೆ ಆಗ್ಲಿಕ್ಕಾದ್ರೂ ಅದು ಉಳೀಬೇಕಲ್ಲ?"

ಟೀಚರ್ ಫೋಟೋ ತೆಗೆದುಕೊಂಡು, ಸೀರೆಯ ತುದಿಯಿಂದ ಒರೆಸಿ, ನನ್ನ ಕೈಗೆ ಕೊಟ್ಟರು.

ಪೋಸ್ಟರ್ ಆಯಿತು, ವಾಟ್ಸಾಪಿನಲ್ಲೂ ಹೋಯಿತು. ಕಡಬದಲ್ಲಿ ಜನ ಬಸ್ಸಿನಿಂದ ಇಳಿದು ಬಂದು ದುಡ್ಡು ಹಾಕಿದರು. ಕುಣಿ ಎಂದು ಯಾರೂ ಹೇಳಲಿಲ್ಲ. ಗಲ್ಫಿನಿಂದಲೂ ದುಡ್ಡು ಬಂತು. ಆಪರೇಷನ್ ಹೇಳಿದ ದಿನವೇ ಆಯಿತು. ಆ ದಿನ ಮಧ್ಯಾಹ್ನದವರೆಗೆ ಟೀಚರ್ ಇಡೀ ಕ್ಲಾಸಿಗೆ ಬೈದು, ಮಂಗಳೂರಿನಿಂದ ಫೋನ್ ಬಂದ ಮೇಲೆ ಪುಸ್ತಕ ಮುಚ್ಚಿಟ್ಟು ಅತ್ತರು.

ಮಗು ಮನೆಗೆ ಬಂದ ಮೇಲೆ ಒಂದು ಭಾನುವಾರ ನಮ್ಮನ್ನೆಲ್ಲ ಒಟ್ಟು ಮಾಡಿದರು. ಬಕೆಟ್, ತೆಂಗಿನ ನಾರು, ಒಂದು ಹಳೇ ದೋಸೆ ಸಟ್ಟುಗ. ಪುತ್ತೂರು, ಸುಳ್ಯ, ಕಡಬ, ಮೂರೂ ಪೇಟೆಯ ಗೋಡೆಗಳಿಂದ ಒಂದೊಂದೇ ಪೋಸ್ಟರ್ ನೆನೆಸಿ ಕೆರೆದು ತೆಗೆಸಿದರು. "ಅಂಟಿಸಿದವರೇ ತೆಗೀಬೇಕು. ಕೆಲಸ ಆಯ್ತಲ್ಲ, ಇನ್ನು ಅದರ ಮುಖ ಅದಕ್ಕೆ ಕೊಡಿ."

ಫೋನಿನಲ್ಲಿ ಹೋದದ್ದನ್ನು ಕೆರೆಯುವುದು ಹೇಗೆ? ಅದು ವರ್ಷಗಟ್ಟಲೆ ಸುತ್ತುತ್ತಲೇ ಇತ್ತು. ಗುತ್ತಿಗಾರಿಗೆ ಕೊನೆಯ ಸಲ ಹೋದಾಗ, ರಿಟೈರಾಗಿದ್ದ ಟೀಚರ್ ಕನ್ನಡಕ ಮೂಗಿನ ತುದಿಗಿಳಿಸಿ, ಒಂದೇ ಬೆರಳಿನಲ್ಲಿ ಯಾರಿಗೋ ಬರೆಯುತ್ತಿದ್ದರು: "ಈ ಮಗು ಈಗ ಹುಷಾರಾಗಿದೆ. ದಯವಿಟ್ಟು ಮುಂದೆ ಕಳುಹಿಸಬೇಡಿ." ತಲೆ ಎತ್ತಿ, "ಆ ಮಗು ನನಗೆ ಶಾಪ ಹಾಕ್ತದಾ ಏನೋ ಮಾರಾಯ" ಎಂದರು. ಇಲ್ಲ ಟೀಚರ್ ಎಂದೆ. ನಂಬಲಿಲ್ಲ.

ಮೊನ್ನೆ, ಹಳಬರು ಹೊಸಬರೆಲ್ಲ ಇರುವ ನಮ್ಮ ಸೇವಾ ತಂಡದ ಗ್ರೂಪಿನಲ್ಲಿ ಆ ಫೋಟೋ ಮತ್ತೆ ಬಂತು, 'ಈ ಮಗುವನ್ನು ಉಳಿಸಿ' ಎಂದು. ಟೀಚರ್ ಬರೆಯುತ್ತಿದ್ದ ಮಾತನ್ನೇ ನಾನು ಬರೆಯಲು ಹೊರಟಿದ್ದೆ. ಅಷ್ಟರಲ್ಲಿ, ಈ ವರ್ಷ ಕಾಲೇಜಿಗೆ ಸೇರಿದ ಹುಡುಗಿಯೊಬ್ಬಳ ಉತ್ತರ ಬಂತು.

"ಇದು ನಾನೇ ಮಾರಾಯ್ರೆ. ಗುಂಡುಕಲ್ಲಿನ ಹಾಗೆ ಇದ್ದೇನೆ. ಆದ್ರೆ ಫೋಟೋ ಡಿಲೀಟ್ ಮಾಡ್ಬೇಡಿ, ನಂದು ಚಂದ ಬಂದದ್ದು ಅದೊಂದೇ!"

ನಗು ತಡೆಯಲಾಗಲಿಲ್ಲ. ಕೂಡಲೇ ಟೀಚರಿಗೆ ಕಳುಹಿಸಬೇಕೆಂದು ಫೋನಿನಲ್ಲಿ ಅವರ ಹೆಸರು ಹುಡುಕಿದೆ. ಹೆಸರು ಸಿಕ್ಕಿತು. ಅವರು ತೀರಿಹೋಗಿ ಆಗಲೇ ಒಂದು ಮಳೆಗಾಲ ಕಳೆದಿತ್ತು.