ಇಬ್ಬರು ಮಲ್ಲಪ್ಪ, ಒಂದೇ ಪಾಳಿ

ದೋಸ್ತರೇ, ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಯಾರ ಕಬ್ಬು ಯಾವಾಗ ಕಡಿಯಬೇಕೆಂದು ಪಾಳಿ ತೋರಿಸುವ ಪ್ರೋಗ್ರಾಮ್ ನನ್ನದು, ಡೇಟಾಬೇಸಿನಿಂದ ಮಾಹಿತಿ ತೆಗೆದುಕೊಡುವ ಓಆರ್‌ಎಂ ಎಂಬ ಸಿದ್ಧ ಲೈಬ್ರರಿಯಲ್ಲಿ ಬರೆದದ್ದು. ಒಬ್ಬೊಬ್ಬ ರೈತನ ಹೊಲಗಳು ಒಂದೆಡೆ ಸೇರಲೆಂದು, ಕಾರ್ಖಾನೆ ಕೊಟ್ಟ ರೈತರ ನಂಬರ್ ಮೇಲೆ ಗ್ರೂಪ್ ಮಾಡಿದ್ದೆ. "ನಂಬರ್ ಯಾರ್ ನೆನಪ ಇಡ್ತಾರಲೇ? ಹೆಸರ್ ಮ್ಯಾಲೆ ಮಾಡು" ಎಂದು ನಮ್ಮ ಆಫೀಸಿನ ಸಾಹೇಬರು ಹಟ ಹಿಡಿದು ನನ್ನಿಂದ ಬದಲಾಯಿಸಿದರು.

ಇವತ್ತು ಅಲಖನೂರಿನ ಮಲ್ಲಪ್ಪ ಕಾಕಾ ಬಂದು ಟೇಬಲ್ ಗುದ್ದಿದರು. "ನನ್ನ ಕಬ್ಬ ನಿಂತಲ್ಲೇ ಒಣಗಾಕತ್ತೈತಿ, ನನ್ನ ಪಾಳಿನ ಇಲ್ಲಂತೀರಿ!"

ಅವರ ಚಿಕ್ಕಪ್ಪನ ಮಗನೂ ಮಲ್ಲಪ್ಪನೇ. ಇಬ್ಬರಿಗೂ ಅಜ್ಜನ ಹೆಸರು, ಅಡ್ಡಹೆಸರೂ ಒಂದೇ. ಕಂಪ್ಯೂಟರಿನಲ್ಲಿ ಇಬ್ಬರೂ ಸೇರಿ ಒಬ್ಬರಾಗಿ, ಪಾಳಿ ಚಿಕ್ಕಪ್ಪನ ಮಗನ ಹೊಲಕ್ಕಷ್ಟೇ ಬಿದ್ದಿತ್ತು.

"ಲೈಬ್ರರಿನ ಸರಿ ಇಲ್ಲ" ಅಂದರು ಸಾಹೇಬರು.

"ಅದು ನೀವ್ ಹೇಳಿದ್ದ ಮಾಡೈತ್ರಿ!" ಅಂದೆ.

ಮತ್ತೆ ನಂಬರ್ ಮೇಲೆ ಗ್ರೂಪ್, ರೈತರಿಗೆ ಅವರವರ ಹೊಲ ಜೋಡಿಸಲು ನಂಬರ್ ಮೇಲೇ ಜಾಯಿನ್, ಸರದಿ ಹಚ್ಚಲು ನಾಟಿ ತಾರೀಖಿನ ಮೇಲೆ ಆರ್ಡರ್ ಹಾಕಿದೆ. ಕಾಕಾನ ಪಾಳಿ ಬಂತು.

"ಮುಗಳಖೋಡದಾಗ ನಮ್ಮ ಅಡ್ಡಹೆಸರಿನವನ ಇನ್ನೊಬ್ಬ ಮಲ್ಲಪ್ಪ ಅದಾನ, ಅವನ್ನೂ ನೋಡಪಾ" ಅಂದರು ಕಾಕಾ.

ಪಾಳಿ ಪಟ್ಟಿಯಲ್ಲಿ ಅವನೂ ಸಿಕ್ಕ. ಚಹಾ ಕುಡಿಯಲು ಹೋದ ಸಾಹೇಬರು ಮಾತ್ರ ಇನ್ನೂ ಸಿಕ್ಕಿಲ್ಲ.