ಕಪ್ಪೆಗೆ ಸಿಕ್ಕ ಕನ್ನಡ

ಕಪ್ಪೆಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಹೇಳಿಕೊಳ್ಳಲು ನಾಚಿಕೆಯೇ. ಆದರೆ ಪಟ್ಟದ್ದು ನಿಜ, ಅದೂ ಒಂದೆರಡು ದಿನವಲ್ಲ, ಮೂರು ವರ್ಷ.

ಹಿರಿಯೂರಿನ ಕಡೆಯವಳಾದ ನನ್ನನ್ನು ತಮಿಳುನಾಡಿನ ಪಲ್ಲಡಂ ಹತ್ತಿರದ ಹಳ್ಳಿಗೆ ಕೊಟ್ಟರು. ನಮ್ಮಮ್ಮ ಇಂದಿಗೂ ‘ಪರದೇಶಕ್ಕೆ ಕೊಟ್ಟೆ’ ಎಂದೇ ಹೇಳುತ್ತಾಳೆ. ಗಂಡಿನ ಕಡೆಯವರು ತಲೆತಲಾಂತರದಿಂದ ಅಲ್ಲಿ ನೇಯ್ಗೆ ಮಾಡಿಕೊಂಡಿರುವ ಕನ್ನಡದವರು, ಮನೆಮಾತು ಕನ್ನಡವೇ ಎಂಬ ಒಂದೇ ಧೈರ್ಯಕ್ಕೆ ನಾನೂ ಒಪ್ಪಿದ್ದೆ. ಬಂದು ನೋಡಿದರೆ ಹೆಂಚಿನ ಮನೆಯಲ್ಲಿ ಪವರ್‌ಲೂಮ್ ಮಗ್ಗಗಳು ಸಂಸಾರ ಹೂಡಿದ್ದವು. ಮನುಷ್ಯರು ಪಕ್ಕದಲ್ಲೇ ಮಣ್ಣುಗೋಡೆಯ ಮೇಲೆ ತೆಂಗಿನ ಗರಿ ಹೊದಿಸಿಕೊಂಡು ಇದ್ದರು. ‘ಮಗ್ಗ ನೆಂದರೆ ನಷ್ಟ, ನಾವು ನೆಂದರೆ ಒರೆಸಿಕೊಂಡರಾಯ್ತು’ ಎಂದು ನಮ್ಮ ಮನೆಯವರು ನಕ್ಕರು.

ಮನುಷ್ಯರೆಂದರೆ ಮೂವರೇ: ಅತ್ತೆ, ನಮ್ಮ ಮನೆಯವರು, ನಾನು. ಉಳಿದವರ ಪರಿಚಯ ಮೆಲ್ಲಗೆ ಆಯಿತು. ನೀರಿನ ಹಂಡೆಯ ಹಿಂದಿನ ತಂಪಿನಲ್ಲಿ ಅಂಗೈ ಅಗಲದ ಒಂದು ಕಪ್ಪೆ. ಸೂರಿನ ಗರಿಗಳ ನಡುವೆ ಇಲಿ ಹುಡುಕುತ್ತ ಓಡಾಡುವ ಕೇರೆಹಾವು. ಮಧ್ಯಾಹ್ನ ಅದರ ಬಾಲ ಒಲೆಯ ನೇರಕ್ಕೆ ಇಳಿಬಿದ್ದಿರುತ್ತಿತ್ತು. ಮೊದಲ ಸಲ ಅದನ್ನು ಹಗ್ಗವೆಂದು ತಿಳಿದು ಕೈ ಹಾಕಲು ಹೋಗಿದ್ದೆ.

ಬಂದ ದಿನ ಅತ್ತೆ ಎಲೆ ಹಾಕಿ, ‘ಬಾ ಮಗ್ಳೆ, ಕೂಳುಣ್ಣು ಬಾ’ ಎಂದು ಕರೆದರು. ನಮ್ಮ ಕಡೆ ಕೂಳು ಎಂದರೆ ಬೈಗುಳ. ಕೆಲಸವಿಲ್ಲದೆ ಬಿದ್ದಿರುವವನು ತಿನ್ನುವುದು ಕೂಳು. ನಾನು ಕನ್ನಡ ಎಂ.ಎ. ಮಾಡಿದವಳು ಬೇರೆ! ಕಿಸಕ್ಕನೆ ನಕ್ಕು, ‘ಅಯ್ಯೋ ಅತ್ತೆ, ಕೂಳು ಅಂತ ನಾಯಿಗೆ ಹಾಕೋದಕ್ಕೆ ಹೇಳ್ತಾರೆ. ಊಟ ಅನ್ನಬೇಕು’ ಎಂದು ತಿದ್ದಿಬಿಟ್ಟೆ. ಹಳಗನ್ನಡದ ಪಾಠದಲ್ಲಿ ಅದೇ ಕೂಳನ್ನು ಅನ್ನವೆಂಬ ಅರ್ಥದಲ್ಲಿ ಓದಿ ಅಂಕ ಗಿಟ್ಟಿಸಿಕೊಂಡದ್ದು ಆಗ ನೆನಪಾಗಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅತ್ತೆ ಬಡಿಸಿದರು. ಮಾರನೆಯ ದಿನ ಬೆಳಗ್ಗೆ, ‘ವಾ ಅಮ್ಮಣಿ, ಸಾಪ್ಪಿಡಲಾಂ’ ಎಂದು ತಮಿಳಿನಲ್ಲಿ ತಿಂಡಿಗೆ ಕರೆದರು. ಅಂದಿನಿಂದ ನನ್ನೊಡನೆ ಬರೀ ತಮಿಳು.

ಸಿಟ್ಟು ಮಾಡಿಕೊಂಡರೆ ನಾನೂ ಜಗಳಾಡಬಹುದಿತ್ತು. ಅವರದು ಸಿಟ್ಟಲ್ಲ. ಪ್ರೀತಿಯಿಂದಲೇ ನೋಡಿಕೊಂಡರು, ತಲೆಗೆ ಮಲ್ಲಿಗೆ ತಂದು ಮುಡಿಸಿದರು, ಎಲ್ಲವೂ ತಮಿಳಿನಲ್ಲಿ. ಮಗನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದವರು ನಾನು ಒಳಗೆ ಕಾಲಿಟ್ಟ ಕೂಡಲೇ ತಮಿಳಿಗೆ ಹೊರಳುತ್ತಿದ್ದರು. ‘ಕನ್ನಡದಲ್ಲೇ ಆಡಿ ಅತ್ತೆ’ ಎಂದು ಎಷ್ಟೋ ಸಲ ಬೇಡಿಕೊಂಡೆ. ‘ಎನಕ್ಕು ನಲ್ಲಾ ವರಾದು ಅಮ್ಮಣಿ’ ಎನ್ನುತ್ತಿದ್ದರು, ನನಗೆ ಚೆನ್ನಾಗಿ ಬರುವುದಿಲ್ಲ ಎಂದು. ಅವರ ಹಾಗೆಯೇ ಆಡಿ ತೋರಿಸಿದರೆ ಸರಿಹೋದೀತೆಂದು ಒಂದು ದಿನ ಅವರ ರಾಗದಲ್ಲೇ ನಾಲ್ಕು ಮಾತಾಡಿದೆ. ಅಣಕಿಸುತ್ತಿದ್ದೇನೆ ಎಂದುಕೊಂಡು ಕಣ್ಣು ತುಂಬಿಕೊಂಡರು. ಆಮೇಲೆ ಆ ಸಾಹಸಕ್ಕೆ ಹೋಗಲಿಲ್ಲ.

ಮಗನ ಮೇಲೆ ನನಗೆ ಹೊಟ್ಟೆಕಿಚ್ಚಿರಲಿಲ್ಲ. ಹೆತ್ತವಳು, ಆಡಿಕೊಳ್ಳಲಿ. ಆದರೆ ಕಪ್ಪೆ?

‘ಏನೋ, ನಿನ್ನೆಲ್ಲ ಕಾಣ್ಲಿಲ್ಲ? ಎಲ್ಲಿಗೋ ಹೋಗಿದ್ದೆ? ವೆಯ್ಲು ಜಾಸ್ತಿ ಕಣೋ, ಹಿಂಗೆಲ್ಲ ಸುತ್ಬೇಡ’ ಎಂದು ಹಂಡೆಯ ಹಿಂದೆ ಬಗ್ಗಿ ಬಿಸಿಲಿನ ಬುದ್ಧಿ ಹೇಳುತ್ತ ನೀರು ಚಿಮುಕಿಸುತ್ತಿದ್ದರು. ಹಾವಿಗೆ, ‘ಅಣ್ಣಾ, ಕೊಂಚ ಅತ್ತ ಹೋಗು. ಸೊಸೆ ಬರೋ ಹೊತ್ತು. ಅಂಜ್ತಾಳೆ’ ಎನ್ನುತ್ತಿದ್ದರು. ಬೆಲ್ಲ ಸವರಿದಂಥ ಆ ಮಾತು ಗೋಡೆಯಾಚೆ ಕೇಳಿಸಿದಾಗೆಲ್ಲ ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಮನೆಯಿಂದ ಇಷ್ಟು ದೂರ ಬಂದು, ಸಂತೆಯಲ್ಲೂ ಬಸ್ಸಿನಲ್ಲೂ ತಮಿಳೇ ಕೇಳಿ ಸಾಕಾಗಿ, ಹಗಲೆಲ್ಲ ಮಗ್ಗದ ಸದ್ದಿನಲ್ಲಿರುವ ಮನೆಯವರೂ ಮಾತಿಗೆ ಸಿಗದೆ, ಒಂದು ಹಿಡಿ ಕನ್ನಡಕ್ಕೆ ಬಾಯಿ ಬಿಡುತ್ತಿದ್ದವಳು ನಾನು. ಅದು ಹೋಗಿ ಹೋಗಿ ಹಾವಿಗೆ, ಕಪ್ಪೆಗೆ!

ಒಂದು ದಿನ ತಡೆಯಲಾರದೆ ಕಪ್ಪೆಯನ್ನು ಬಕೆಟ್ಟಿಗೆ ಹಾಕಿಕೊಂಡು ಹೋಗಿ ದೂರದ ತೆಂಗಿನ ತೋಟದಲ್ಲಿ ಸುರಿದು ಬಂದೆ. ಪಶ್ಚಾತ್ತಾಪ ಪಡಲೂ ಪುರಸೊತ್ತು ಕೊಡದೆ ಮೂರನೆಯ ದಿನ ಅದು ತನ್ನ ಜಾಗಕ್ಕೆ ಬಂದು ಕೂತಿತ್ತು. ‘ಬಂದ್ಯಾ ರಾಜಾ? ಯಾರಾರ ಏನಾರ ಅಂದ್ರಾ?’ ಎಂದು ಅತ್ತೆ ಕೇಳಿದರು. ಅದು ನನ್ನನ್ನೇ ನೋಡಿತು.

ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಕೋಳಿ ಬಂತು. ಪಲ್ಲಡಂ ಕಡೆ ಕೋಳಿ ಫಾರ್ಮು ಹೆಚ್ಚು, ದಿನಾ ಲಾರಿ ತುಂಬ ಬ್ರಾಯ್ಲರ್ ಕೋಳಿಗಳು ಹೋಗುತ್ತವೆ. ತಿರುವಿನಲ್ಲಿ ಒಂದು ಬಿಳಿ ಕೋಳಿ ಕೆಳಗೆ ಬಿದ್ದು ಉಳಿಯಿತು. ‘ಸಾವಿನ ಬಾಯಿಂದ ಬಿದ್ದದ್ದು, ಇದನ್ನು ಕುಯ್ಯಬಾರದು’ ಎಂದು ಅತ್ತೆ ಸೆರಗಿನಲ್ಲಿ ಸುತ್ತಿ ತಂದರು. ಅದಕ್ಕೆ ನೆಟ್ಟಗೆ ನಡೆಯಲೂ ಬಾರದು. ಎರಡು ಹೆಜ್ಜೆ ಇಟ್ಟು ಧೊಪ್ಪನೆ ಕೂರುವ ಆ ಗುಂಡಮ್ಮನಿಗೆ ಅತ್ತೆ ತಮ್ಮ ಮದುವೆಯಿಂದ ಹಿಡಿದು ಮಂಡಿನೋವಿನವರೆಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಕೋಳಿಗೆ ಎಲ್ಲ ಕಾಲವೂ ಇತ್ತು. ಒಮ್ಮೆ ಅದಕ್ಕೆ ಹೇಳುತ್ತಿದ್ದರು: ‘ನಿನ್ತಾವ ಆದ್ರೆ ಅಂಜಿಕೆ ಇಲ್ಲ ನೋಡು. ನೀ ನಗಲ್ಲ, ತಿದ್ದಲ್ಲ.’ ನಾನು ಬಾಗಿಲ ಹಿಂದೆ ನಿಂತಿದ್ದೆ. ಸದ್ದಾಗದಂತೆ ಹಿಂದಕ್ಕೆ ಸರಿದೆ.

ಕಳೆದ ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ಗಾಳಿಗೆ ಧೂಳೂ ಹತ್ತಿಯ ಅರಳೂ ಸೇರಿ ನನ್ನ ಗಂಟಲು ಕಟ್ಟಿತು. ದನಿ ಪೂರ್ತಿ ಹೋಯಿತು. ಡಾಕ್ಟರು ಪಿಸುಮಾತೂ ಕೂಡದು ಎಂದರು. ಮೊದಲ ದಿನ ಬೆಳಗ್ಗೆ ಅತ್ತೆ ಕಾಫಿ ಬೇಕೇ ಎಂದು ತಮಿಳಿನಲ್ಲೇ ಕೇಳಿದರು, ತಲೆಯಾಡಿಸಿದೆ. ಮಧ್ಯಾಹ್ನ ಮೆಣಸಿನ ಕಷಾಯ ತಂದು ಕೊಟ್ಟು, ‘ಕುಡಿ. ಕಾರ ಇರ್ತದೆ, ಮೊಗ ಸಿಂಡರಿಸ್ಬೇಡ’ ಎಂದರು.

ಕನ್ನಡ! ಬಾಯಿಗೆ ಬಂದದ್ದು ಅವರಿಗೇ ತಿಳಿದಿರಲಿಲ್ಲ. ನಾನು ಲೋಟದೊಳಗೆ ಮುಖ ಇಟ್ಟುಕೊಂಡು ಕೂತೆ.

ಆಮೇಲೆ ಹೊಳೆಯೇ ಹರಿಯಿತು. ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತ ಅವರ ತವರಿನ ಕಥೆ, ಮಾವನವರ ಮುಂಗೋಪ, ಬಾವಿಯಲ್ಲಿ ಬಿದ್ದ ಕರುವಿನ ಕಥೆ. ಕೋಳಿ ಹೊಸ್ತಿಲಲ್ಲಿ ಬಂದು ಧೊಪ್ಪೆಂದಾಗ, ‘ಆಮೇಲೆ ಬಾ ಹೋಗು’ ಎಂದರು. ಆಗ ನನಗಾದ ಸುಖ ಹೇಳತೀರದು. ಮೂರನೆಯ ದಿನ ಬಾಚಣಿಗೆ ನಿಲ್ಲಿಸಿ, ‘ನೀ ಬಂದ ದಿನ ನಾ ಆ ಮಾತು ಅಂದ್ನಲ್ಲ, ನಿನ್ನ ಕೇವಲ ಮಾಡಿ ಅಲ್ಲ ಮಗ್ಳೆ. ನಮ್ಮವ್ವ ನನ್ನ ಹಂಗೇ ಕರೀತಿದ್ಳು’ ಎಂದರು. ನಾನು ತಿರುಗಿ ಅವರ ಕೈ ಹಿಡಿದುಕೊಂಡೆ.

ಐದನೆಯ ದಿನ ಬೆಳಗ್ಗೆ ಜಗಲಿಯಲ್ಲಿ ಅತ್ತೆಯ ಪಕ್ಕ ಕೂತು ಸೊಪ್ಪು ಸೋಸುತ್ತಿದ್ದೆ. ಕೋಳಿ ಬಂದು ಕಾಲ್ಬೆರಳಿಗೆ ಕುಕ್ಕಿತು. ‘ಅಯ್ಯೋ ಹಾಳಾದ್ದೇ, ಹೋಗತ್ಲಾಗೆ!’ ಎಂದು ಕಿರುಚಿಬಿಟ್ಟೆ. ದನಿ ಖಣಿ ಖಣಿ ಬಂತು. ಅತ್ತೆಯ ಕೈ ಸೊಪ್ಪಿನಲ್ಲೇ ನಿಂತಿತು. ನನಗೆ ಅಳು ಬರುವಂತಾಯಿತು. ಮುಗಿಯಿತು ಎಂದುಕೊಂಡೆ. ಇಬ್ಬರೂ ಸೊಪ್ಪು ಸೋಸಿ ಮುಗಿಸಿದೆವು. ದಿನವೆಲ್ಲ ಅವರು ತಮಿಳೂ ಆಡಲಿಲ್ಲ, ಕನ್ನಡವೂ ಆಡಲಿಲ್ಲ.

ಸಂಜೆ ನಮ್ಮ ಮನೆಯವರು ಮಗ್ಗದ ಮನೆಯಿಂದ ಬಂದು, ‘ಗಂಟ್ಲು ಸರಿಹೋಯ್ತಾ?’ ಎಂದು ಕೇಳಿದರು. ನಾನು ನೆಲ ನೋಡಿದೆ.

ಅತ್ತೆ ಒಲೆಯ ಮುಂದಿನಿಂದಲೇ ಹೇಳಿದರು: ‘ಎಲ್ಲಿ ಸರಿಹೋಯ್ತು? ಇನ್ನೂ ಎಂಟು ದಿನ ಆಗ್ತದೆ. ನೀ ಹೋಗಿ ಕೈಕಾಲು ತೊಳ್ಕೊ.’