ಕೆಳಗಿನ ಮನೆಯಲ್ಲಿ ಇಪ್ಪತ್ತೆರಡು ದಿನ

ಮೈತುಂಬ ಸೋಪು ಹಚ್ಚಿಕೊಂಡು ನಿಂತಿದ್ದಾಗ ನಮ್ಮ ಯಜಮಾನರಿಗೆ ನಲ್ಲಿಯಲ್ಲಿ ನೀರು ನಿಂತುಹೋಯಿತು.

"ಏನೇ, ಮೋಟ್ರು ಹಾಕೇ!" ಬಚ್ಚಲಿನಿಂದಲೇ ಕೂಗಿದರು.

ಹಾಕೋಣ. ಸ್ವಿಚ್ ಎಲ್ಲಿದೆ? ಮೇಲಿನ ಮನೆಯ ಅಡುಗೆಮನೆಯಲ್ಲಿ. ಮೇಲಿನ ಮನೆಗೆ ಬೀಗ. ಬೀಗದ ಕೈ ಟೈಲ್ಸ್ ಕೆಲಸದ ಮುನಿರಾಜಣ್ಣನ ಜೇಬಿನಲ್ಲಿ. ಮುನಿರಾಜಣ್ಣ ಎಲ್ಲಿ? ಮೂಲೆಯ ದರ್ಶಿನಿಯಲ್ಲಿ, ಖಾಲಿ ದೋಸೆ ತಿನ್ನುತ್ತಾ.

ಇಪ್ಪತ್ತು ನಿಮಿಷ ಟವೆಲ್ ಸುತ್ತಿಕೊಂಡು ಕಾದ ಯಜಮಾನರ ಕೋಪ ನೆತ್ತಿಗೇರಿತ್ತು. "ಕೆಳಗಿನ ಮನೆ ಮೋಟ್ರಿಗೆ ಮೇಲ್ಗಡೆ ಸ್ವಿಚ್ ಇಟ್ಟ ಪುಣ್ಯಾತ್ಮ ಯಾರು?" ಎಂದರು.

"ನೀವೇ" ಎಂದೆ.

ಹೌದು, ಮೇಲಿನ ಮನೆಯೂ ನಮ್ಮದೇ, ಕೆಳಗಿನದೂ ನಮ್ಮದೇ. ಚಾಮರಾಜಪೇಟೆಯಲ್ಲಿ ನಮಗಿರುವ ಸಣ್ಣ ಸೈಟಿನಲ್ಲಿ ಮಹಡಿಯ ಮೇಲೆ ನಾವಿದ್ದೇವೆ, ಕೆಳಗಿನದನ್ನು ಬಾಡಿಗೆಗೆ ಕೊಡುತ್ತೇವೆ. ಹದಿನಾಲ್ಕು ವರ್ಷದಿಂದ ಕೊಡುತ್ತಿದ್ದೇವೆ. ಆ ಹದಿನಾಲ್ಕು ವರ್ಷದಲ್ಲಿ ನಾನು ಅಲ್ಲಿ ಒಂದು ಲೋಟ ನೀರು ಕುಡಿದದ್ದುಂಟು, ಒಂದು ಲೋಟ ತೊಳೆದದ್ದಿಲ್ಲ.

ಹಾಗಾದರೆ ಈಗ ಅಲ್ಲಿ ಸ್ನಾನಕ್ಕೆ ಯಾಕೆ ಹೋದಿರಿ ಎನ್ನುತ್ತೀರಾ? ಹೇಳುತ್ತೇನೆ.

ಕೆಳಗೆ ಐದು ವರ್ಷ ಶಶಿಕಲಾ ಎಂಬಾಕೆಯ ಸಂಸಾರ ಇತ್ತು. ಗಂಡ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಈಕೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಮಗಳು ಕಾವ್ಯಾ ಪಿಯುಸಿ. ಬಾಡಿಗೆ ಒಂದನೇ ತಾರೀಕು ತಪ್ಪದೆ ಬರುತ್ತಿತ್ತು. ಜಗಳವಿಲ್ಲ, ಗಲಾಟೆಯಿಲ್ಲ. ಆರು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಬಂದು, "ಅಕ್ಕ, ಇಲ್ಲೇ ಹತ್ರದಲ್ಲಿ ಬೇರೆ ಮನೆ ಸಿಕ್ತು, ಮುಂದಿನ ತಿಂಗ್ಳು ಖಾಲಿ ಮಾಡ್ತೀವಿ" ಎಂದಳು. ಕಾರಣ ಕೇಳಿದರೆ ನಕ್ಕಳು, ಅಷ್ಟೇ.

ಆಮೇಲೆ ಮನೆ ಖಾಲಿ ಬಿತ್ತು. ಬಂದವರೆಲ್ಲ ಹಾಲ್ ನೋಡುತ್ತಿದ್ದರು, ತಲೆಯಾಡಿಸುತ್ತಿದ್ದರು. ಬಚ್ಚಲಿಗೆ ಹೋಗಿ ಸೂರು ನೋಡಿದವರು, "ಮನೇಲಿ ಕೇಳಿ ಹೇಳ್ತೀವಿ" ಎಂದು ಹೊರಟುಬಿಡುತ್ತಿದ್ದರು. ನಮ್ಮ ಬಾತ್‌ರೂಮಿನ ನೀರು ಕೆಳಗಿನ ಸೂರಿಗೆ ಜಿನುಗಿ ದೊಡ್ಡ ಕಲೆ ಮಾಡಿತ್ತು. ಶಶಿಕಲಾ ಎರಡು ವರ್ಷದಿಂದ ಹೇಳುತ್ತಿದ್ದಳು. "ಸ್ವಲ್ಪ ತೇವ, ಬೇಸಿಗೆಗೆ ಒಣಗುತ್ತೆ" ಎಂದು ನಾನು ಎರಡು ಬೇಸಿಗೆ ದಾಟಿಸಿದ್ದೆ. ಕೊನೆಗೆ ಬ್ರೋಕರ್ ಕೈಮುಗಿದ. "ಮೇಡಂ, ಮೊದ್ಲು ಅದನ್ನ ರಿಪೇರಿ ಮಾಡ್ಸಿ. ಆಮೇಲೆ ನಂಗೆ ಫೋನ್ ಮಾಡಿ."

ಮೇಲಿನ ಬಾತ್‌ರೂಮ್ ಒಡೆಯಬೇಕಾಯಿತು. ಹತ್ತು ದಿನದ ಕೆಲಸ ಎಂದ ಮುನಿರಾಜಣ್ಣ. ಕೆಳಗಿನ ಮನೆ ಹೇಗೂ ಖಾಲಿ ಇದೆಯಲ್ಲ, ಎರಡು ಚಾಪೆ, ನಾಲ್ಕು ಪಾತ್ರೆ, ಒಂದು ಸ್ಟವ್, ಮಿಕ್ಸಿ ಹಿಡಿದು, ಫ್ರಿಜ್ಜನ್ನೂ ಹೊರಿಸಿಕೊಂಡು ಇಳಿದೆವು. ಒಂಥರಾ ಪಿಕ್ನಿಕ್ ಅನ್ನಿಸಿತು. (ಹತ್ತು ದಿನ ಇಪ್ಪತ್ತೆರಡಾಯಿತು. ಮನೆ ಕಟ್ಟಿಸಿದವರಿಗೆ ಆಶ್ಚರ್ಯವಾಗಲಾರದು.)

ಪಿಕ್ನಿಕ್ ಮುಗಿದದ್ದು ಆ ಸೋಪಿನ ಪ್ರಸಂಗದಿಂದ.

ಮರುದಿನ ಚಟ್ನಿ ರುಬ್ಬಲು ಹೋದೆ. ಅಡುಗೆಮನೆಯಲ್ಲಿದ್ದದ್ದು ಒಂದೇ ಪ್ಲಗ್ ಪಾಯಿಂಟು. ಫ್ರಿಜ್ಜೋ ಮಿಕ್ಸಿಯೋ, ನೀವೇ ನಿರ್ಧಾರ ಮಾಡಿ. ಶಶಿಕಲಾಗೆ ಫ್ರಿಜ್ ಹಾಲ್‌ನಲ್ಲಿಡುವ ಶೋಕಿ ಎಂದುಕೊಂಡಿದ್ದೆನಲ್ಲ! ಟೆರೇಸಿನ ತುಂಬ ಮುನಿರಾಜಣ್ಣನ ಮರಳು, ಟೈಲ್ಸ್; ಒಗೆದ ಬಟ್ಟೆಯನ್ನು ಮನೆಯ ಪಕ್ಕದ ಓಣಿಯಲ್ಲಿ ಹರವಿದೆ. ಬಿಸಿಲು ಅಲ್ಲಿಗೆ ಬರುವುದೇ ಇಲ್ಲ. ಮೂರನೇ ದಿನಕ್ಕೆ ಯಜಮಾನರ ಬನಿಯನ್ ಮುಗ್ಗಲು ವಾಸನೆ ಹೊಡೆಯಿತು. ಬಾಡಿಗೆದಾರರು ಟೆರೇಸಿಗೆ ಹತ್ತಬಾರದು ಎಂದು ರೂಲ್ ಮಾಡಿದವರು ಯಾರು? ಈ ಸಲ "ನೀನೇ" ಎನ್ನುವ ಸರದಿ ಅವರದಾಗಿತ್ತು. ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದರು.

ಇವೆಲ್ಲ ನಗುವ ವಿಷಯ. ಒಂಬತ್ತನೇ ದಿನದ್ದು ಹಾಗಲ್ಲ.

ಅಂದು ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆ. ನೇರ ಮೇಲೆ ನಮ್ಮ ಅಡುಗೆಮನೆಯ ಕಿಟಕಿ. ಅಲ್ಲಿಂದ ಮುನಿರಾಜಣ್ಣನ ದನಿ, ನನ್ನ ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗಿ ಬಂತು. ಪ್ಲಂಬರ್ ಜತೆ ಮಾತಾಡುತ್ತಿದ್ದ.

"ಈ ಆಂಟಿ ಬಲೇ ಜಿಪುಣಿ ಗುರು. ಕಾಫಿ ಲೋಟ ನೋಡಿದ್ಯಾ? ಬೆರಳು ಅದ್ದಿದ್ರೆ ತಳ ಸಿಗುತ್ತೆ."

ಜೋರಾಗಿ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡೆ. ಯಜಮಾನರಿಗೆ ಹೇಳೋಣ ಎಂದು ಎದ್ದವಳು ಹಾಗೇ ನಿಂತುಬಿಟ್ಟೆ.

ಆ ಕಿಟಕಿಯ ಹತ್ತಿರ ನಿಂತು ದಿನಾ ಬೆಳಿಗ್ಗೆ ಫೋನ್‌ನಲ್ಲಿ ಮಾತಾಡುವುದು ಯಾರು? ನಾನು. ಯಾರ ಜತೆ? ಮಲ್ಲೇಶ್ವರದ ನನ್ನ ತಂಗಿಯ ಜತೆ. ಅಲ್ಲಿ ಸಿಗ್ನಲ್ ಚೆನ್ನಾಗಿದೆ. ಏನು ಮಾತಾಡುತ್ತಿದ್ದೆ? ಎಲ್ಲ. ಬ್ಲೌಸ್ ಹೊಲಿಸಲು ಬರುವ ಹೆಂಗಸರು ನಮ್ಮ ಗೇಟು ಸವೆಸುತ್ತಿದ್ದಾರೆ ಎಂದಿದ್ದೆ. ಶಶಿಕಲಾ ಮನೆಗೆ ನೆಂಟರು ಜಾಸ್ತಿ ಎಂದಿದ್ದೆ. ಮತ್ತೆ ಒಂದು ದಿನ ಹೀಗೂ ಹೇಳಿದ್ದೆ: "ಆ ಹುಡುಗಿ ಗೇಟ್ ಹತ್ರ ಯಾವನೋ ಬೈಕಿನವನ ಜತೆ ದಿನಾ ನಿಂತಿರ್ತಾಳೆ ಕಣೇ. ನಾಳೆ ಏನಾದ್ರೂ ಆದ್ರೆ ನಮ್ ಮನೆ ಹೆಸ್ರು ಕೆಡುತ್ತೆ. ಹೇಗಾದ್ರೂ ಇವ್ರನ್ನ ಖಾಲಿ ಮಾಡಿಸ್ಬೇಕು."

ನಾನು ಮಾಡಿಸಬೇಕಾಗಲಿಲ್ಲ. ಅವರೇ ಮಾಡಿದರು.

ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಒಂದು ಬ್ಲೌಸ್ ಪೀಸ್ ಹಿಡಿದು ಶಶಿಕಲಾಳ ಹೊಸ ಮನೆಗೆ ಹೋದೆ. ಎರಡು ಕ್ರಾಸ್ ಆಚೆ ಅಷ್ಟೇ. ಮಿಷಿನ್ ಮುಂದೆ ಕೂತಿದ್ದವಳು ಎದ್ದು, "ಬನ್ನಿ ಅಕ್ಕ, ಬನ್ನಿ" ಎಂದು ಕುರ್ಚಿ ಎಳೆದಳು. ಎಷ್ಟೋ ಸಲ ಹೊಲಿದಿದ್ದರೂ ಅಳತೆ ತೆಗೆಯಲು ಟೇಪ್ ಹಿಡಿದಳು. ನನ್ನ ತೋಳಿಗೆ ಟೇಪ್ ಸುತ್ತಿದ್ದಾಗ ಕೇಳಿಯೇಬಿಟ್ಟೆ.

"ಶಶಿಕಲಾ, ನಮ್ಮ ಹಿತ್ತಲಲ್ಲಿ ಮೇಲ್ಗಡೆ ಮಾತು ಕೇಳಿಸ್ತಿತ್ತಾ?"

ಆಕೆ ಟೇಪ್ ಬಿಚ್ಚಿ ಮತ್ತೆ ಸುತ್ತಿದಳು.

"ಕೇಳಿಸ್ತಿತ್ತು ಅಕ್ಕ."

"ಎಲ್ಲಾನೂ?"

"ಫೋನಿನ ಆ ಕಡೆಯಿಂದ ನಿಮ್ ತಂಗಿ ಏನಂತಾರೆ ಅನ್ನೋದೊಂದು ಬಿಟ್ಟು."

ಮುಖ ಎಲ್ಲಿಡಲಿ? ಆಕೆ ತೋಳಿನ ಅಳತೆ ಬರೆದುಕೊಂಡಳು. ನಂತರ ಮೆಲ್ಲಗೆ ಹೇಳಿದಳು. "ನಂಗೆ ಅಂದಿದ್ದು ಬಿಡಿ ಅಕ್ಕ. ಓನರ್ ಅಂದ್ಮೇಲೆ ಏನೋ ಒಂದು ಅಂತಾರೆ. ಆದ್ರೆ ಆವತ್ತು ಕಲ್ಲಿನ ಹತ್ರ ಕೂತಿದ್ದು ನಾನಲ್ಲ, ಕಾವ್ಯಾ. ಅವ್ಳೇ ಕೇಳಿಸ್ಕೊಂಡ್ಲು."

"ಆ ಹುಡುಗ..."

"ನಮ್ಮಕ್ಕನ ಮಗ. ಅವ್ಳಿಗೆ ಅಣ್ಣ ಆಗ್ಬೇಕು. ಕೆಲ್ಸಕ್ಕೆ ಹೋಗ್ತಾ ಮ್ಯಾಥ್ಸ್ ನೋಟ್ಸ್ ಕೊಟ್ಟು ಹೋಗ್ತಿದ್ದ. ಒಳಗೆ ಬಾ ಅಂದ್ರೆ ಟೈಮಿಲ್ಲ ಅನ್ನೋನು. ಆಮೇಲೆ ಇವ್ಳು ಗೇಟ್ ಹತ್ರ ಹೋಗೋದೇ ಬಿಟ್ಲು. ಮನೆ ಬದ್ಲಾಯಿಸೋಣ ಅಮ್ಮ ಅಂತ ಒಂದೇ ಹಟ."

ಕಾವ್ಯಾ ಕಾಲೇಜಿನಿಂದ ಬರುವವರೆಗೆ ಕಾದೆ. "ನನ್ನಿಂದ ತಪ್ಪಾಯ್ತಮ್ಮ, ಗೊತ್ತಿಲ್ದೆ ಏನೇನೋ ಅಂದ್ಬಿಟ್ಟೆ" ಎಂದೆ. ಆ ಹುಡುಗಿ ಬ್ಯಾಗ್ ತೆಗೆಯದೆ ನನ್ನನ್ನೇ ನೋಡಿದಳು. "ಪರ್ವಾಗಿಲ್ಲ ಆಂಟಿ" ಎಂದು ಒಳಗೆ ಹೋದಳು. ಬಾಗಿಲು ಮೆತ್ತಗೆ ಮುಚ್ಚಿತು. ಅದು ಪರವಾಗಿಲ್ಲ ಅನ್ನುವಷ್ಟು ಸಣ್ಣದಲ್ಲ ಎಂದು ಆ ಬಾಗಿಲಿನ ಸದ್ದಿನಲ್ಲೇ ತಿಳಿಯಿತು.

ಹೊರಡುವಾಗ ಆಸೆ ತಡೆಯದೆ, "ರಿಪೇರಿ ಎಲ್ಲ ಮಾಡಿಸ್ತಿದೀವಿ, ವಾಪಸ್ ಬಂದ್ಬಿಡಿ" ಎಂದೆ.

"ಬೇಡ ಅಕ್ಕ" ಎಂದಳು ಶಶಿಕಲಾ, ನಗುತ್ತಲೇ. "ಇಲ್ಲಿ ಟೆರೇಸ್ ಬೀಗದ ಕೈ ನಮ್ ಹತ್ರಾನೇ ಇದೆ." ಗೇಟಿನವರೆಗೆ ಬಂದು ಮತ್ತೆ ಹೇಳಿದಳು. "ಅಡುಗೆಮನೇಲಿ ಇನ್ನೆರಡು ಪ್ಲಗ್ ಹಾಕ್ಸಿ. ಮೋಟ್ರು ಸ್ವಿಚ್ ಕೆಳಗೂ ಒಂದಿರ್ಲಿ. ಆಮೇಲೆ ಮನೆ ಖಾಲಿ ಉಳಿಯೋಲ್ಲ, ನೋಡ್ತಿರಿ."

ಹಾಕಿಸಿದೆವು. ಟೆರೇಸಿನ ಬೀಗಕ್ಕೆ ಇನ್ನೊಂದು ಕೈ ಮಾಡಿಸಿದೆವು. ಫೋನಿನ ಜಾಗ ಹಾಲ್‌ಗೆ ಬದಲಾಯಿತು. (ಸಿಗ್ನಲ್ ಸರಿಯಿಲ್ಲ. ತಂಗಿಗೆ ಅರ್ಧವೂ ಕೇಳಿಸುವುದಿಲ್ಲವಂತೆ. ಒಳ್ಳೆಯದೇ ಆಯಿತು.) ನಾವು ಮೇಲಿನ ಮನೆಗೆ ಮರಳಿದ ವಾರದಲ್ಲೇ ಸ್ಕೂಲ್ ಟೀಚರ್ ಒಬ್ಬರು ಮನೆ ನೋಡಲು ಬಂದರು. ಬ್ರೋಕರ್ ಕಳಿಸಿದ್ದಲ್ಲ.

"ನಾನು ಬ್ಲೌಸ್ ಹೊಲಿಸೋದು ಶಶಿಕಲಾ ಅವ್ರ ಹತ್ರ. ಅವ್ರೇ ಹೇಳಿದ್ರು, ಮನೆ ಚೆನ್ನಾಗಿದೆ, ಹೋಗಿ ನೋಡಿ ಅಂತ."

"ಓನರ್ ಬಗ್ಗೆ ಏನಂದ್ರು?" ಬಾಯಿ ತಪ್ಪಿ ಕೇಳಿಬಿಟ್ಟೆ.

"ಈಗ ರಿಪೇರಿ ಆಗಿದೆ ಅಂದ್ರು" ಎಂದರು ಟೀಚರ್. ಮನೆಯ ಬಗ್ಗೆ ಹೇಳಿದ್ದೋ ನನ್ನ ಬಗ್ಗೆ ಹೇಳಿದ್ದೋ, ಕೇಳುವ ಧೈರ್ಯವಾಗಲಿಲ್ಲ.

ಮನೆ ಬಾಡಿಗೆಗೆ ಕೊಡುವವರಿಗೆ ಸಲಹೆಗೆ ಬರವಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಸಿ, ಆಧಾರ್ ಕಾಪಿ ಇಟ್ಟುಕೊಳ್ಳಿ, ಅಡ್ವಾನ್ಸ್ ಬ್ಯಾಂಕ್ ಮೂಲಕ ತೆಗೆದುಕೊಳ್ಳಿ. ಎಲ್ಲ ಸರಿ, ಎಲ್ಲ ಮಾಡಿ. ಆದರೆ ಇವೆಲ್ಲ ಬಾಡಿಗೆದಾರರನ್ನು ಪರೀಕ್ಷೆ ಮಾಡುವ ಕ್ರಮ. ಮನೆಯ ಪರೀಕ್ಷೆ ಯಾರು ಮಾಡಬೇಕು? ಒಬ್ಬ ಬಾಡಿಗೆದಾರರು ಹೋಗಿ ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಬಿದ್ದಿರುವ ಒಂದು ವಾರ ಸಿಕ್ಕರೆ ಅಲ್ಲೇ ಹೋಗಿ ಇರಿ. ಅಡುಗೆ ಮಾಡಿ, ಬಟ್ಟೆ ಒಗೆದು ಒಣಹಾಕಿ, ನಿಮ್ಮವರಲ್ಲಿ ಒಬ್ಬರಿಗೆ ಮೇಲೆ ನಿಂತು ಮಾತಾಡಲು ಹೇಳಿ, ಕೆಳಗೆ ಎಷ್ಟು ಕೇಳಿಸುತ್ತದೆ ನೋಡಿ. ಸುಣ್ಣ ಬಣ್ಣಕ್ಕೆ ಮುಂಚೆಯೇ ಇದು ಆಗಲಿ.

ಕಳೆದ ವಾರ ಗೆಳತಿಯ ಮಗಳು ದೀಪಾ ಫೋನ್ ಮಾಡಿದ್ದಳು. ಕುಮಾರ ಪಾರ್ಕ್ ಕಡೆ ಸಣ್ಣದೊಂದು ಹಳೇ ಫ್ಲ್ಯಾಟ್ ಕೊಂಡು ಬಾಡಿಗೆಗೆ ಬಿಡುವ ಯೋಚನೆಯಂತೆ. ಗಂಡ ಹೆಂಡತಿಯ ಮೊದಲ ಇನ್ವೆಸ್ಟ್‌ಮೆಂಟು. ಖಾತಾ ನೋಡಿದ್ದಾರೆ, ಲಾಯರ್‌ಗೆ ತೋರಿಸಿದ್ದಾರೆ, ಬಾಡಿಗೆ ಎಷ್ಟು ಬರಬಹುದೆಂದು ಲ್ಯಾಪ್‌ಟಾಪಿನಲ್ಲಿ ಹತ್ತು ವರ್ಷದ ಲೆಕ್ಕ ಹಾಕಿಟ್ಟಿದ್ದಾರೆ. "ಇನ್ನೇನಾದ್ರೂ ನೋಡ್ಬೇಕಾ ಆಂಟಿ?" ಎಂದಳು.

ಅವಳಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ನೀವು ಹೇಳುವ ಬಾಡಿಗೆ ಕೊಟ್ಟು ಆ ಮನೆಯಲ್ಲಿ ನೀವೇ ಇರುತ್ತೀರಾ?